ಹುಲ್ಲು ಹೊಡೆಯುವ ಮಷಿನ್: ಎತ್ತಿಡುವ ಮುನ್ನ

ಅಡಿಕೆ ತೋಟದಲ್ಲಿ ಕೊಯ್ಲಿಗೆ ಮುಂಚಿನ ಕೊನೆಯ ಸುತ್ತು ಹುಲ್ಲು ಹೊಡೆದಾದ ಮೇಲೆ ವೀಡ್ ಕಟ್ಟರಿಗೆ ಐದಾರು ತಿಂಗಳು ಕೆಲಸವಿಲ್ಲ. ಅರ್ಧ ಟ್ಯಾಂಕ್ ಪೆಟ್ರೋಲ್ ಉಳಿಸಿ ಮೂಲೆಗೆ ಒರಗಿಸಿಟ್ಟರೆ, ಜೂನ್‌ನಲ್ಲಿ ಹಗ್ಗ ಎಳೆದೆಳೆದು ಭುಜ ನೋಯುತ್ತದೆಯೇ ಹೊರತು ಮಷಿನ್ ಸ್ಟಾರ್ಟ್ ಆಗುವುದಿಲ್ಲ. ಇಡುವ ದಿನ ಒಂದು ಗಂಟೆ ಕೊಡಿ, ಸಾಕು. ಇಲ್ಲಿ ಹೇಳಿರುವುದು ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸಿ ಓಡಿಸುವ 2 ಸ್ಟ್ರೋಕ್ ಮಷಿನ್‌ಗೆ.

1. ಚೊಕ್ಕ ಮಾಡುವುದು. ಗಾರ್ಡಿನ ಒಳಮೈಗೆ ಮೆತ್ತಿದ ಹುಲ್ಲನ್ನು ಹಸಿ ಇರುವಾಗಲೇ ಕೆರೆಯಿರಿ. ಎಂಜಿನ್ ರೆಕ್ಕೆಗಳ ನಡುವಿನ ಕಸಕ್ಕೆ ಬ್ರಷ್ ಸಾಕು, ಪೈಪಿನ ನೀರು ಬೇಡ.

2. ಪೆಟ್ರೋಲ್ ಖಾಲಿ ಮಾಡುವುದು. ಹೆಚ್ಚಿನವರು ಎಡವುವುದು ಇಲ್ಲೇ. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿಮೀರಿದರೆ ನೀರು, ಎಥನಾಲ್ ಎರಡೂ ಕೂಡಿ ತಳಕ್ಕಿಳಿಯುತ್ತವೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದೂ ಆ ತಳದಲ್ಲೇ. ಇತ್ತ ಕಾರ್ಬುರೇಟರಿನೊಳಗೆ ಪೆಟ್ರೋಲ್ ಆರಿಹೋಗಿ, ಉಳಿದ 2ಟಿ ಆಯಿಲ್ ಹಲಸಿನ ಮೇಣದ ಹಾಗೆ ಅಂಟಾಗಿ ಜೆಟ್ಟಿನ ಸಣ್ಣ ತೂತು ಮುಚ್ಚುತ್ತದೆ, ಪೆಟ್ರೋಲ್ ಎಳೆದುಕೊಡುವ ತೆಳು ಪೊರೆ, ಅಂದರೆ ಡಯಾಫ್ರಮ್, ಸೆಟೆಯುತ್ತದೆ. ಚೋಕ್ ಹಾಕಿದಾಗ ಸ್ಟಾರ್ಟ್ ಆಗಿ, ತೆಗೆದೊಡನೆ ನಿಂತುಹೋಗುವ ಮಷಿನ್‌ಗೆ ಬಹುತೇಕ ಇದೇ ಕಾಯಿಲೆ.

ಎಂಜಿನ್ ತಣ್ಣಗಿರುವಾಗ ಅಂಗಳದಲ್ಲಿಟ್ಟು, ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಸುರಿಯಿರಿ. ಕಾರ್ಬುರೇಟರಿನ ಬಳಿಯ ಮೆತ್ತನೆ ಗುಳ್ಳೆಯನ್ನು (ಪ್ರೈಮರ್ ಬಲ್ಬ್) ಎಂಟು ಹತ್ತು ಸಲ ಒತ್ತಿದರೆ ಕಾರ್ಬುರೇಟರಿನಲ್ಲಿದ್ದದ್ದೂ ಟ್ಯಾಂಕಿಗೆ ವಾಪಸಾಗುತ್ತದೆ, ಅದನ್ನೂ ಸುರಿಯಿರಿ. ಈಗ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಬಿಡಿ. ಬೇಗ ಮುಗಿಯಲೆಂದು ರೇಸ್ ಕೊಡಲೇಬೇಡಿ. ಪಿಸ್ಟನ್‌ಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ. ಅದು ಕಡಿಮೆಯಾಗುತ್ತಿರುವಾಗ ರೇಸ್ ಕೊಟ್ಟರೆ ಪಿಸ್ಟನ್ ಕಾದು ಗೀರು ಬೀಳುತ್ತದೆ. ನಿಂತ ಮೇಲೆ ಚೋಕ್ ಹಾಕಿ ಮತ್ತೆರಡು ಸಲ ಪ್ರಯತ್ನಿಸಿ. ಒಂದು ಸದ್ದೂ ಬರದಿದ್ದರೆ ಖಾಲಿಯಾಯಿತೆಂದು ಲೆಕ್ಕ.

ಟ್ಯಾಂಕ್ ತುಂಬಿಸಿಟ್ಟರೆ ತುಕ್ಕು ಹಿಡಿಯದು ಎನ್ನುವವರಿದ್ದಾರೆ. ಆ ಮಾತು ತಗಡಿನ ಟ್ಯಾಂಕಿಗೆ. ಇದರ ಟ್ಯಾಂಕ್ ಪ್ಲಾಸ್ಟಿಕ್.

3. ಸಿಲಿಂಡರಿಗೆ ಎಣ್ಣೆ. ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಟೀ ಚಮಚ, ಅಂದರೆ 5 ಮಿಲಿ, 2ಟಿ ಆಯಿಲ್ ಬಿಡಿ. ತೂತಿನ ಮೇಲೆ ಬಟ್ಟೆ ಹಿಡಿದು ಹಗ್ಗವನ್ನು ಮೂರು ಸಲ ಮೆಲ್ಲಗೆ ಎಳೆಯಿರಿ. ಪ್ಲಗ್ ಹಾಕಿ, ಕೈಗೆ ಬಿಗಿ ಸಿಗುವವರೆಗೆ ಇನ್ನೊಮ್ಮೆ ಎಳೆದು ಅಲ್ಲೇ ನಿಲ್ಲಿಸಿ. ಆಗ ಪಿಸ್ಟನ್ ಮೇಲಕ್ಕೇರಿ ಸೈಲೆನ್ಸರ್ ಕಡೆಯ ದಾರಿ ಮುಚ್ಚಿರುತ್ತದೆ, ತೇವ ಒಳಗಿಳಿಯದು. ಲೂಸ್ ಆಯಿಲ್, ಹಳೇ ಎಂಜಿನ್ ಆಯಿಲ್ ಇದಕ್ಕೆ ಬೇಡ. ಉಳಿಯುವ ಹಣ ಎಷ್ಟೂ ಅಲ್ಲ, ಅದರಲ್ಲಿನ ಕೊಳೆ ಮಾತ್ರ ನೇರ ಪಿಸ್ಟನ್ ರಿಂಗಿಗೆ ಹೋಗುತ್ತದೆ.

4. ಏರ್ ಫಿಲ್ಟರಿನ ಸ್ಪಂಜನ್ನು ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಲೇಡಿಗೆ ತೆಳ್ಳಗೆ ಎಣ್ಣೆ, ಬ್ಲೇಡ್ ತಿರುಗಿಸುವ ಗೇರ್ ಹೆಡ್ಡಿಗೆ ಲಿಥಿಯಂ ಗ್ರೀಸ್. ಗ್ರೀಸನ್ನು ತುರುಕಿ ತುಂಬಿದರೆ ಬಿಸಿಗೆ ಹಿಗ್ಗಿ ಸೀಲ್ ಹೊರದಬ್ಬುತ್ತದೆ.

5. ಇಡುವ ಜಾಗ. ಗೊಬ್ಬರದ ಕೋಣೆ ಬೇಡವೇ ಬೇಡ. ಯೂರಿಯಾ, ಪೊಟ್ಯಾಷ್, ಉಪ್ಪು ತೇವ ಹಿಡಿದು ಪಕ್ಕದ ಲೋಹಕ್ಕೆಲ್ಲ ತುಕ್ಕು ತರಿಸುತ್ತವೆ. ಬಚ್ಚಲೊಲೆಯ ಮೇಲಿನ ಅಟ್ಟವೂ ಬೇಡ. ಟ್ಯಾಂಕ್ ಖಾಲಿಯಾದರೂ ಪೆಟ್ರೋಲಿನ ಆವಿ ಉಳಿದಿರುತ್ತದೆ. ಗಾಳಿಯಾಡುವ ಕಡೆ ಗೋಡೆಗೆ ತೂಗುಹಾಕಿ, ಹಳೇ ಪಂಚೆ ಹೊದಿಸಿ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೇ ಬೆವರುತ್ತದೆ. ಕುಂಬಾರ ಹುಳು ಸೈಲೆನ್ಸರಿನ ಬಾಯಲ್ಲಿ ಮಣ್ಣಿನ ಗೂಡು ಕಟ್ಟದಂತೆ ಕೆಂಪು ಬಟ್ಟೆ ತುರುಕಿ, ತುದಿ ಹೊರಗೆ ನೇತಾಡುತ್ತಿರಲಿ. ತೆಗೆಯುವಾಗ ಅದು ಕಣ್ಣಿಗೆ ಬೀಳಬೇಕು.

ಮಳೆಗಾಲ ಬಂದಾಗ ಆ ಬಟ್ಟೆ ಕಿತ್ತು, ಹೊಸ ಪೆಟ್ರೋಲಿಗೆ ಕಂಪನಿ ಹೇಳಿದ ಅಳತೆಯಲ್ಲೇ ಆಯಿಲ್ ಬೆರೆಸಿ: 50:1 (ಪೆಟ್ರೋಲ್ 50 ಪಾಲಿಗೆ ಆಯಿಲ್ 1 ಪಾಲು) ಆದರೆ ಲೀಟರಿಗೆ 20 ಮಿಲಿ, 25:1 ಆದರೆ 40. ಬ್ಲೇಡಿನ ಬದಲು ಹಾಕುವ ನೈಲಾನ್ ದಾರ ಬೇಸಿಗೆಗೆ ಒಣಗಿದ್ದರೆ ಪಟಪಟನೆ ತುಂಡಾಗುತ್ತದೆ, ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ಸ್ಟಾರ್ಟ್ ಆದೊಡನೆ ಒಂದೆರಡು ನಿಮಿಷ ದಟ್ಟ ಹೊಗೆ ಬಂದರೆ ಗಾಬರಿ ಬೇಡ, ಉರಿಯುತ್ತಿರುವುದು ನೀವು ಬಿಟ್ಟಿದ್ದ ಆ ಒಂದು ಚಮಚ ಎಣ್ಣೆ.