ಆಕಾಶ ಬರೆಯುವಾಗ ಮಾತಾಡಿಸಬೇಡಿ

ಆಕಾಶ ಬರೆಯುತ್ತಿರುವಾಗ ಯಾರೂ ಮಾತಾಡಿಸಕೂಡದು. ಜರ್ಮನಿಯ ಚಿತ್ರಕಾರ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840) ಮನೆಯಲ್ಲಿ ಇದು ಕಟ್ಟಪ್ಪಣೆಯಾಗಿತ್ತಂತೆ. ಆತನ ‘ಕಡಲ ತೀರದ ಸನ್ಯಾಸಿ’ (1808–10) ನೋಡಿದರೆ ಕಾರಣ ತಿಳಿಯುತ್ತದೆ: ಕ್ಯಾನ್ವಾಸಿನ ಮುಕ್ಕಾಲಿಗೂ ಹೆಚ್ಚು ಪಾಲು ಬರೀ ಆಕಾಶ. ಅಂಥದ್ದೊಂದನ್ನು ನೀವೂ ಬರೆದು ನೋಡಬಹುದು.

ನುಣುಪು ನೇಯ್ಗೆಯ, ಬಿಳಿ ಪ್ರೈಮರ್ ಬಳಿದ ಕ್ಯಾನ್ವಾಸ್ ತೆಗೆದುಕೊಳ್ಳಿ. ದಿಗಂತದ ಗೆರೆಯನ್ನು ತೀರ ಕೆಳಗೆ, ಸ್ಕೇಲ್ ಇಟ್ಟೇ ಎಳೆಯಿರಿ. ನಾಚಿಕೆ ಬೇಡ, ಗೆಳೆಯ ಕೆರ್ಸ್ಟಿಂಗ್ ಬರೆದ ಫ್ರೀಡ್ರಿಕ್‌ನ ಕೋಣೆಯ ಚಿತ್ರದಲ್ಲೂ ಗೋಡೆಗೆ ಸ್ಕೇಲು ನೇತಾಡುತ್ತಿದೆ.

ಇನ್ನು ಕರಡಿನಿಂದ ಏನು ತೆಗೆಯಬಹುದು ಎಂದು ನೋಡಿ. ‘ಸನ್ಯಾಸಿ’ಯ ಕಡಲಲ್ಲಿ ಮೊದಲು ಹಡಗುಗಳಿದ್ದವು, ಇನ್ಫ್ರಾರೆಡ್ ಪರೀಕ್ಷೆಯಲ್ಲಿ ಅವು ಕಂಡವು. ಫ್ರೀಡ್ರಿಕ್ ಅವನ್ನು ಅಳಿಸಿಬಿಟ್ಟ. 1808ರ ‘ಬೆಟ್ಟದ ಮೇಲಿನ ಶಿಲುಬೆ’ಗೆ ಆತನೇ ಅರ್ಥ ಹೇಳಿದ್ದುಂಟು: ಬಂಡೆ ಎಂದರೆ ಅಚಲ ನಂಬಿಕೆ, ಸದಾ ಹಸಿರಾದ ಫರ್ ಮರ ಎಂದರೆ ಭರವಸೆ. ನನಗೇನೋ ಆ ಪದಕೋಶಕ್ಕಿಂತ ಹಡಗು ಅಳಿಸಿದ ಖಾಲಿ ಕಡಲೇ ಹೆಚ್ಚು ಭಕ್ತಿಯದ್ದು ಅನ್ನಿಸುತ್ತದೆ.

ಮೊದಲ ಪದರಕ್ಕೆ ಎಣ್ಣೆಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿ ಹಚ್ಚಿ. ಬೆರಳಿಗೆ ಅಂಟದಷ್ಟು ಒಣಗಲಿ. ಮಳೆಗಾಲದಲ್ಲಿ ಇದಕ್ಕೆ ಇನ್ನಷ್ಟು ತಾಳ್ಮೆ ಬೇಕು. ಆಮೇಲೆ ಅಗಸೆ ಎಣ್ಣೆ ಬೆರೆಸಿದ ಪಾರದರ್ಶಕ ಪದರ, ಅಂದರೆ ಗ್ಲೇಜ್. ಇದರ ಹದ ನೋಡಲು ಗಾಜಿನ ತುಂಡಿನ ಕೆಳಗೆ ಇದೇ ಪತ್ರಿಕೆ ಇಟ್ಟು ಮೇಲೆ ಒಂದೆಳೆ ಬಳಿಯಿರಿ. ಅಕ್ಷರ ಮಸುಕಾದರೂ ಓದಲು ಬಂದರೆ ಹದ ಸರಿ. ಬೆಳಕು ಈ ಪದರಗಳನ್ನು ದಾಟಿ ತಳದ ಬಿಳಿಗೆ ತಾಗಿ ಮರಳುವುದರಿಂದಲೇ ಆಕಾಶ ಒಳಗಿನಿಂದ ಬೆಳಗಿದಂತೆ ಕಾಣುವುದು. ಬಿಳಿ ಬಣ್ಣ ಸುರಿದು ಆ ಬೆಳಕು ತರಲಾಗದು. ಮೇಲಿನ ಪದರದಲ್ಲಿ ಕೆಳಗಿನದಕ್ಕಿಂತ ಎಣ್ಣೆ ಹೆಚ್ಚಿರಲಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಬಿಡಿಸಿ ಹರವಿ ಒಣಗಿಸಿ.

ಮನುಷ್ಯ ಬರುವುದು ಎಲ್ಲ ಒಣಗಿದ ಮೇಲೆ. ಹೆಚ್ಚೆಂದರೆ ಒಂದಂಗುಲ ಎತ್ತರ, ಗಾಢ ಬಣ್ಣ. ಮುಖ ಬೇಡ, ಬೆನ್ನು ಸಾಕು.