ತಿಮಿಂಗಿಲ ನೋಡಬೇಕಾ? ಮೊದಲು ಹಕ್ಕಿ ಹುಡುಕಿ

ಐಸ್‌ಲ್ಯಾಂಡ್‌ಗೆ ಹೋದವರು ರಾಜಧಾನಿ ರೇಕ್ಯಾವಿಕ್‌ನಲ್ಲೇ ಒಂದು ದೋಣಿ ಹತ್ತಿ, ‘ತಿಮಿಂಗಿಲವೂ ಆಯ್ತು’ ಎಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುವುದುಂಟು. ಕೈಯಲ್ಲಿ ಒಂದೆರಡು ದಿನ ಜಾಸ್ತಿ ಇದ್ದರೆ ಉತ್ತರ ತೀರದ ಹೂಸಾವಿಕ್‌ಗೆ ಹೋಗಿ. ಉತ್ತರದ ಮುಖ್ಯ ಪಟ್ಟಣ ಅಕುರೇರಿಯಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಪುಟ್ಟ ಬಂದರು. 1995ರಿಂದ ಇಲ್ಲಿ ದೋಣಿಗಳು ಜನರನ್ನು ತಿಮಿಂಗಿಲ ನೋಡಲು ಕರೆದೊಯ್ಯುತ್ತಿವೆ.

ಊರಿನ ಮುಂದೆಯೇ ಸ್ಕ್ಯಾಲ್ವಂಡಿ ಕೊಲ್ಲಿ. ಎರಡು ನದಿಗಳು ಇಲ್ಲಿ ಸಮುದ್ರ ಸೇರುತ್ತವೆ. ಬೇಸಿಗೆಯಲ್ಲಿ ರಾತ್ರಿಯೂ ಬೆಳಕಿರುತ್ತದೆ. ನೀರಿನಲ್ಲಿ ಸೂಕ್ಷ್ಮ ಜೀವಿಗಳು ಹೆಚ್ಚುತ್ತವೆ, ಅವನ್ನು ತಿನ್ನಲು ಸೀಗಡಿಯಂಥ ಪುಟ್ಟ ಕ್ರಿಲ್ ಮತ್ತು ಸಣ್ಣ ಮೀನು ಬರುತ್ತವೆ, ಅವುಗಳ ಹಿಂದೆ ತಿಮಿಂಗಿಲ. ಒಟ್ಟಿನಲ್ಲಿ ಅವು ಬರುವುದು ಊಟಕ್ಕೆ. ಇದನ್ನು ನೆನಪಿಟ್ಟುಕೊಂಡರೆ ಎಲ್ಲಿ ನೋಡಬೇಕು ಎನ್ನುವುದು ಅರ್ಧ ಗೊತ್ತಾದಂತೆಯೇ.

ಯಾವಾಗ, ಯಾವ ದೋಣಿ?

ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಹಂಪ್‌ಬ್ಯಾಕ್ ತಿಮಿಂಗಿಲವೇ ಇಲ್ಲಿನ ಮುಖ್ಯ ಆಕರ್ಷಣೆ. ಅದೃಷ್ಟವಿದ್ದರೆ ಬೇಸಿಗೆಯ ಆರಂಭದಲ್ಲಿ ನೀಲಿ ತಿಮಿಂಗಿಲವೂ ಸಿಗಬಹುದು. ಪಫಿನ್ ಹಕ್ಕಿಯೂ ಬೇಕು ಎಂದರೆ ಆಗಸ್ಟ್ ಮಧ್ಯದೊಳಗೆ ಹೋಗಿ. ಆಮೇಲೆ ಅವು ಗೂಡು ಬಿಟ್ಟು ಕಡಲಿಗೆ ಹೊರಟುಹೋಗುತ್ತವೆ.

ದೋಣಿಯಲ್ಲಿ ಎರಡು ಬಗೆ. ಒಂದು, ಹಳೆಯ ಮರದ ಮೀನುಗಾರಿಕೆ ದೋಣಿ. ಸುಮಾರು ಮೂರು ಗಂಟೆಯ ಪ್ರವಾಸ. ಇನ್ನೊಂದು, ರಬ್ಬರ್ ಅಂಚಿನ ಸ್ಪೀಡ್ ಬೋಟ್. ಸ್ಪೀಡ್ ಬೋಟ್‌ನಲ್ಲಿ ಮಜಾ ಇದೆ, ಆದರೆ ಬೆನ್ನು ನೋವಿನವರಿಗೆ, ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಅದು ಆಗುವುದಿಲ್ಲ. ಮೊದಲ ಸಲ ಹೋಗುವವರಿಗೆ ಮರದ ದೋಣಿಯೇ ವಾಸಿ. ಎತ್ತರದಿಂದ ದೂರದವರೆಗೆ ಕಾಣುತ್ತದೆ, ಆ ಬದಿಯಿಂದ ಈ ಬದಿಗೆ ಓಡಾಡಬಹುದು.

ಬೇಸಿಗೆಯಲ್ಲೂ ನೀರು ಸುಮಾರು 10 ಡಿಗ್ರಿ, ಗಾಳಿ ಬೇರೆ. ಮೈಪೂರ್ತಿ ಮುಚ್ಚುವ ದಪ್ಪನೆಯ ಓವರಾಲ್ ದೋಣಿಯವರೇ ಕೊಡುತ್ತಾರೆ. ಅದರೊಳಗೆ ಉಣ್ಣೆ ಬಟ್ಟೆ ಇರಲಿ, ಜೀನ್ಸ್ ಬೇಡ. ಟೋಪಿ, ಕೈಗವಸು ಮರೆಯಬೇಡಿ. ಬಸ್ಸಿನಲ್ಲೇ ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಹೆಚ್ಚೇನೂ ಉಪಯೋಗವಿಲ್ಲ. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ.

ನೋಡುವುದು ಹೇಗೆ?

ಗೈಡ್ ‘ಎರಡು ಗಂಟೆ!’ ಎಂದು ಕೂಗಿದರೆ ವಾಚ್ ನೋಡಿಕೊಳ್ಳಬೇಡಿ. ದೋಣಿಯ ಮೂತಿ ಹನ್ನೆರಡು, ಬಲಗಡೆ ಮೂರು, ಹಿಂಭಾಗ ಆರು, ಎಡಗಡೆ ಒಂಬತ್ತು. ಇಷ್ಟು ಗೊತ್ತಿದ್ದರೆ ಉಳಿದವರು ‘ಎಲ್ಲಿ? ಎಲ್ಲಿ?’ ಎನ್ನುವಷ್ಟರಲ್ಲಿ ನೀವು ನೋಡಿ ಮುಗಿಸಿರುತ್ತೀರಿ.

ಆದರೆ ಗೈಡ್ ಕೂಗುವವರೆಗೆ ಸುಮ್ನೆ ಕೂರುವುದೇಕೆ? ಕಣ್ಣನ್ನು ಒಂದೇ ಕಡೆ ನೆಡದೆ, ದಿಗಂತದಿಂದ ದೋಣಿಯವರೆಗೆ ನಿಧಾನವಾಗಿ ಆಡಿಸುತ್ತಿರಿ. ಒಂದೇ ಜಾಗದಲ್ಲಿ ಹಕ್ಕಿಗಳು ಗುಂಪಾಗಿ ಸುತ್ತುತ್ತಾ ನೀರಿಗೆ ಧುಮುಕುತ್ತಿದ್ದರೆ ಅಲ್ಲಿ ಮೀನಿದೆ. ಮೀನಿದ್ದಲ್ಲಿ ತಿಮಿಂಗಿಲ ಇರುವ ಸಾಧ್ಯತೆ ಜಾಸ್ತಿ.

ಆಮೇಲೆ ಉಸಿರು. ಹಂಪ್‌ಬ್ಯಾಕ್ ಉಸಿರು ಬಿಟ್ಟರೆ ಸುಮಾರು ಮೂರು ಮೀಟರ್ ಎತ್ತರದ ಪೊದೆಯಂಥ ಹಬೆ ಏಳುತ್ತದೆ. ನೀಲಿ ತಿಮಿಂಗಿಲದ್ದು ನೇರವಾದ ಕಂಬ, ಒಂಬತ್ತು ಮೀಟರ್‌ವರೆಗೂ ಹೋಗುತ್ತದೆ. ಮಿಂಕಿ ಎಂಬ ಚಿಕ್ಕ ತಿಮಿಂಗಿಲದ್ದು ಕಾಣುವುದೇ ಅಪರೂಪ. ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಹಂಪ್‌ಬ್ಯಾಕ್ ಉಸಿರಿನ ವಾಸನೆಯೂ ಮೂಗಿಗೆ ಬರುತ್ತದೆ. ಕೊಳೆತ ಮೀನು, ಬೇರೇನಲ್ಲ.

ಹಂಪ್‌ಬ್ಯಾಕ್ ಸಾಮಾನ್ಯವಾಗಿ ಮೇಲ್ಮೈಯಲ್ಲೇ ಕೆಲವು ಸಲ ಉಸಿರಾಡುತ್ತದೆ. ಆಗ ಅದರ ಬೆನ್ನನ್ನೇ ಗಮನಿಸಿ. ಬೆನ್ನು ಸಪಾಟಾಗಿ ಜಾರಿದರೆ ಅದು ಇನ್ನೊಮ್ಮೆ ಮೇಲೆ ಬರುತ್ತದೆ. ಬೆನ್ನು ಬಿಲ್ಲಿನಂತೆ ಎತ್ತರಕ್ಕೆ ಬಾಗಿದರೆ ಕ್ಯಾಮೆರಾ ಎತ್ತಿ, ಈಗ ಬಾಲ ಬರುತ್ತದೆ! ಬಾಲ ಪೂರ್ತಿ ಎದ್ದು ನೀರೊಳಗೆ ಇಳಿದರೆ ಅದು ಆಳಕ್ಕೆ ಹೋಯಿತು ಎಂದರ್ಥ. ಅಲ್ಲಿ ನೀರು ಸ್ವಲ್ಪ ಹೊತ್ತು ನುಣ್ಣಗೆ, ಅಲೆಯಿಲ್ಲದೆ ಉಳಿಯುತ್ತದೆ. ಇನ್ನು ಐದಾರು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕಾಯಬೇಕು. ಮಿಂಕಿ ಹಾಗಲ್ಲ, ಬಾಲ ತೋರಿಸದೆ ಮೆಲ್ಲಗೆ ಮಾಯವಾಗುತ್ತದೆ.

ಕಾರವಾರದ ಕಡಲಿನಲ್ಲಿ ಡಾಲ್ಫಿನ್ ನೋಡಿದವರಿಗೆ ಇಲ್ಲಿನ ಬಿಳಿ ಮೂತಿಯ ಡಾಲ್ಫಿನ್ ಬೇರೆಯೇ ಅನಿಸುತ್ತದೆ. ನಮ್ಮವು ದೋಣಿಯ ಹತ್ತಿರ ಬರಲು ನಾಚುತ್ತವೆ. ಇವು ಮೂರು ಮೀಟರ್‌ವರೆಗೆ ಬೆಳೆಯುವ ಗಟ್ಟಿಮುಟ್ಟಾದ ಪುಂಡರು. ದೋಣಿಯ ಮೂತಿ ಎಬ್ಬಿಸುವ ಅಲೆಯಲ್ಲಿ ಆಡಲು ತಾವೇ ಓಡಿ ಬರುತ್ತವೆ. ಆಗ ದೂರ ನೋಡುವುದು ಬಿಟ್ಟು ಮುಂಭಾಗಕ್ಕೆ ಹೋಗಿ, ಕೆಳಗೆ ಬಗ್ಗಿ ನೋಡಿ.

ಕ್ಯಾಪ್ಟನ್ ತಿಮಿಂಗಿಲದ ಹತ್ತಿರ ವೇಗ ಇಳಿಸುತ್ತಾರೆ, ಅದರ ದಾರಿಗೆ ಅಡ್ಡ ಹೋಗುವುದಿಲ್ಲ. ‘ಇನ್ನೂ ಹತ್ತಿರ ಹೋಗಿ’ ಎಂದು ಪೀಡಿಸಬೇಡಿ. ಉಣ್ಣಲು ಬಂದ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು ಸರಿಯಲ್ಲ, ಅಲ್ವಾ?

ಬಾಲದ ಕೆಳಭಾಗದ ಫೋಟೊ ಚೆನ್ನಾಗಿ ಬಂದಿದ್ದರೆ ಅಳಿಸಬೇಡಿ. ಆ ಕಪ್ಪು-ಬಿಳಿ ಗುರುತು ಒಂದೊಂದು ಹಂಪ್‌ಬ್ಯಾಕ್‌ಗೂ ಬೇರೆ ಬೇರೆ. ದಿನಾಂಕ, ಜಾಗದ ಹೆಸರು ಸೇರಿಸಿ ‘ಹ್ಯಾಪಿವೇಲ್’ ಜಾಲತಾಣಕ್ಕೆ ಹಾಕಿದರೆ, ಅದೇ ತಿಮಿಂಗಿಲವನ್ನು ಬೇರೆಯವರು ಎಲ್ಲಿ ನೋಡಿದ್ದಾರೆ ಎಂಬುದು ತಿಳಿಯಬಹುದು.

ಏನೂ ಕಾಣದೆ ಮರಳಿದಿರಾ? ಟಿಕೆಟ್ ಎಸೆಯಬೇಡಿ. ಹಾಗಾದಾಗ ಇನ್ನೊಂದು ಪ್ರವಾಸ ಉಚಿತವಾಗಿ ಕೊಡುವ ಕಂಪನಿಗಳಿವೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಗಾಳಿ ಜೋರಾದರೆ ದೋಣಿ ಹೊರಡುವುದೇ ಇಲ್ಲ. ಅದಕ್ಕೇ ಹೂಸಾವಿಕ್‌ನಲ್ಲಿ ಒಂದು ರಾತ್ರಿ ಹೆಚ್ಚಿಗೆ ಇಟ್ಟುಕೊಳ್ಳಿ, ದೋಣಿಗೆ ಮೊದಲ ದಿನವೇ ಹತ್ತಿ.