ಹುಳುಮನೆಯಲ್ಲಿ ಕೇಳಿದ ಕಾದಂಬರಿಗಳು

ನಮ್ಮದು ಗೌರಿಬಿದನೂರು ಕಡೆ ರೇಷ್ಮೆ ಬೇಸಾಯ. ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಡುವ ಹಂತ, ದಾಟಿ ಎದ್ದ ಮೇಲೆ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಗ ಪುಸ್ತಕ ಹಿಡಿಯುವ ಮಾತೇ ಇಲ್ಲ. ಹಾಗಾಗಿ ಫೋನಿನಲ್ಲಿ ಕಾದಂಬರಿಗಳನ್ನು ಕೇಳುವ ಅಭ್ಯಾಸ ಮಾಡಿಕೊಂಡೆ. ಜಾಸ್ತಿ ಕೇಳುವುದು ಸರ್ವಾಧಿಕಾರದ ಕೆಳಗೆ ಬದುಕಿ ಉಳಿದವರ ಕತೆಗಳನ್ನು. ಸ್ಟಾಲಿನ್ ಕಾಲದ ರಷ್ಯಾ, ಬಾಲ್ಟಿಕ್ ದೇಶಗಳು, ಪೂರ್ವ ಜರ್ಮನಿ, ಕಾಂಬೋಡಿಯ. ನಾನು ಕೇಳುವುದು ಇಂಗ್ಲಿಷಿನಲ್ಲಿ.

ಇಂಥ ಕತೆಗಳನ್ನು ಓದುವುದಕ್ಕಿಂತ ಕೇಳುವುದೇ ಮೇಲು ಅನ್ನಿಸುತ್ತದೆ. ಓದುವಾಗ ಸಂಕಟದ ಜಾಗ ಬಂದರೆ ಕಣ್ಣು ತಾನಾಗಿ ನಾಲ್ಕು ಸಾಲು ಹಾರಿಸಿಬಿಡುತ್ತದೆ. ಕೈತುಂಬ ಸೊಪ್ಪಿರುವಾಗ ಫೋನ್ ಮುಟ್ಟೋಕಾಗಲ್ಲ, ಪೂರ್ತಿ ಕೇಳಲೇಬೇಕು. 1941ರ ಜೂನ್ 14ರಂದು ಸ್ಟಾಲಿನ್ ಸರ್ಕಾರದವರು ಲಿಥುವೇನಿಯ, ಲಾಟ್ವಿಯ, ಎಸ್ಟೋನಿಯದ ಸಾವಿರಾರು ಸಂಸಾರಗಳನ್ನು ಗೂಡ್ಸ್ ರೈಲಿಗೆ ತುಂಬಿ ದೂರದ ಸೈಬೀರಿಯದ ಕಡೆ ಸಾಗಿಸಿದರು. ಎಷ್ಟೋ ಗಂಡಸರನ್ನು ಹೆಂಡತಿ ಮಕ್ಕಳಿಂದ ಬೇರೆ ಮಾಡಿ ಕ್ಯಾಂಪ್‌ಗಳಿಗೆ ಕಳಿಸಿದರು. ಇತಿಹಾಸದ ಪುಸ್ತಕದಲ್ಲಿ ಇದು ಒಂದೆರಡು ಸಾಲು. ಕಾದಂಬರಿಯಲ್ಲಿ ಆ ಡಬ್ಬಿಯೊಳಗೇ ಒಂದು ಪೂರ್ತಿ ಅಧ್ಯಾಯ ಕೂತಿರಬೇಕಾಗುತ್ತದೆ.

ಶುರು ಮಾಡುವ ಮೊದಲು ಒಂದು ಕೆಲಸ ಮಾಡುತ್ತೇನೆ. ಆ ದೇಶದ ನಾಲ್ಕೈದು ನಿಜವಾದ ತಾರೀಕುಗಳನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಹುಳುಮನೆಯ ಬಾಗಿಲಿಗೆ ಸಿಕ್ಕಿಸುತ್ತೇನೆ. ಪಾತ್ರಗಳ ಹೆಸರನ್ನೂ ಅಲ್ಲೇ ಬರೆಯುತ್ತೇನೆ. ರಷ್ಯನ್ ಹೆಸರುಗಳಿಗಂತೂ ಇದು ಬೇಕೇ ಬೇಕು. ಒಬ್ಬರನ್ನೇ ಮೂರು ಥರ ಕರೆಯುತ್ತಾರೆ.

ಕಾಂಬೋಡಿಯದ ಕತೆ ಕೇಳುವಾಗ ಬರೆದದ್ದು ಎರಡು ಮುಖ್ಯ ತಾರೀಕು. 1975ರ ಏಪ್ರಿಲ್ 17, ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ರಾಜಧಾನಿ ನಾಮ್‌ಪೆನ್ ನಗರಕ್ಕೆ ನುಗ್ಗಿದ ದಿನ. 1979ರ ಜನವರಿ 7, ವಿಯೆಟ್ನಾಂ ಸೈನ್ಯ ಬಂದು ಅವರನ್ನು ಓಡಿಸಿದ ದಿನ. ನುಗ್ಗಿದ ಖ್ಮೇರ್ ರೂಜ್‌ನವರು, ಅಮೆರಿಕದವರು ಬಾಂಬ್ ಹಾಕುತ್ತಾರೆ, ಮೂರು ದಿನ ಊರು ಬಿಡಿ ಸಾಕು ಎಂದು ಹೇಳಿ ಇಡೀ ನಗರವನ್ನೇ ಖಾಲಿ ಮಾಡಿಸಿದರು. ಕತೆಯಲ್ಲಿ 1977 ಬಂದಾಗ ಇನ್ನೂ ಎರಡು ವರ್ಷ ತಡ್ಕೋಬೇಕು ಅಂತ ನನಗೆ ಗೊತ್ತು. ಕತೆಯ ಹುಡುಗಿಗೆ ಗೊತ್ತಿಲ್ಲ. ನಾಳೆ ಮುಗಿಯುತ್ತೋ ಹತ್ತು ವರ್ಷ ಇರುತ್ತೋ ತಿಳಿಯದೆ, ಇವತ್ತಿನ ಗಂಜಿಯಲ್ಲಿ ತಮ್ಮನಿಗೆ ಎಷ್ಟು ಬಿಡಬೇಕು ಅಂತ ಅವಳು ಲೆಕ್ಕ ಹಾಕುತ್ತಾಳೆ. ಬದುಕಿ ಉಳಿಯೋದು ಅಂದರೆ ಇದೇ ಅಲ್ವಾ? ಬಾಗಿಲ ಮೇಲೆ ಆ ತಾರೀಕು ಇರದಿದ್ದರೆ ನನಗೆ ಇದು ಇಷ್ಟು ನಾಟುತ್ತಿರಲಿಲ್ಲ.

ಅಲ್ಲಿ ಮನೆಮನೆಯ ಅಡುಗೆಯನ್ನೇ ನಿಲ್ಲಿಸಿ ಎಲ್ಲರೂ ಸಾಮೂಹಿಕ ಅಡುಗೆಮನೆಯಲ್ಲೇ ಉಣ್ಣಬೇಕೆಂದು ಮಾಡಿದರು. ಪಾತ್ರೆಗಳನ್ನೂ ಕಿತ್ತುಕೊಂಡರು. ಸೊಪ್ಪು ಹಾಕುತ್ತಾ ಇದನ್ನು ಅತ್ತೆಗೆ ಹೇಳಿದೆ. ಅವರು ಕೈ ನಿಲ್ಲಿಸಿ, ‘ನಮ್ಮನೇಲಿ ನಾವು ಒಲೆ ಹಚ್ಚಂಗಿಲ್ವಾ?’ ಅಂದರು. ಆಮೇಲೆ ಆ ಹುಡುಗಿಯ ವಿಷಯ ದಿನಾ ಕೇಳುತ್ತಿದ್ದರು. ಹಾಗೆ ಹೇಳೋದರಿಂದ ನನಗೂ ಕತೆ ಗಟ್ಟಿಯಾಗಿ ನಿಲ್ಲುತ್ತದೆ.

ನಮ್ಮ ಪಕ್ಕದ ವಿದುರಾಶ್ವತ್ಥದಲ್ಲೇ 1938ರ ಏಪ್ರಿಲ್ 25ರಂದು, ನಿಷೇಧ ಮೀರಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಅಲ್ಲಿನ ಸ್ಮಾರಕ ವೀರಸೌಧವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಕಾದಂಬರಿಗಳನ್ನು ಕೇಳಿದ ಮೇಲೆ ಹೋದಾಗ ಬೇರೆಯೇ ಪ್ರಶ್ನೆಗಳು ಬಂದವು. ಆ ಬೆಳಗ್ಗೆ ಮನೆಯಲ್ಲಿ ಏನು ಹೇಳಿ ಹೊರಟಿದ್ದರು? ಉಳಿದವರು ಪೊಲೀಸರಿಗೆ ಹೆದರಿ ಎಲ್ಲಿ ಅಡಗಿದ್ದರು? ಇದನ್ನು ಯಾರಾದರೂ ಕನ್ನಡದಲ್ಲಿ ಹೀಗೆ ಕೇಳುವ ಹಾಗೆ ಮಾಡಬೇಕು ಅಂತ ನನಗೆ ತುಂಬಾ ಆಸೆ.

ಹೊಸದಾಗಿ ಕೇಳುವವರು ಕೊನೆಯಲ್ಲಿರುವ ಲೇಖಕರ ಮಾತನ್ನು ಮೊದಲೇ ಕೇಳಿ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅಂತ ಸಾಮಾನ್ಯವಾಗಿ ಅಲ್ಲಿ ಹೇಳಿರುತ್ತಾರೆ. ವೇಗ ಹೆಚ್ಚಿಸಬೇಡಿ. ಓದುವವರು ಉಸಿರು ಹಿಡಿದು ನಿಲ್ಲುವ ಜಾಗಗಳೆಲ್ಲ ಕಳೆದುಹೋಗುತ್ತವೆ. ಮಲಗುವ ಮುಂಚೆಯಂತೂ ಬೇಡ. ಒಂದು ಮುಗಿದ ತಕ್ಷಣ ಇನ್ನೊಂದಕ್ಕೆ ಕೈ ಹಾಕಬೇಡಿ. ನಾನು ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವ ತನಕ ಬರೀ ಹಾಡು ಕೇಳುತ್ತೇನೆ. ಮುಂದಿನ ಬೆಳೆಗೆ ಪೂರ್ವ ಜರ್ಮನಿಯದೊಂದು ಇಳಿಸಿಟ್ಟಿದ್ದೇನೆ.